ಮರೆ ಹಿಡಿಯದ ಲೋಹ

ನನಗೊಂದು ಚಟವಿದೆ. ಉಪ್ಪಿನಕಾಯಿ ಜಾಡಿಯಾಗಲಿ, ನೀರಿನ ಬಾಟಲಿಯಾಗಲಿ, ಮುಚ್ಚಳ ಹಾಕುವಾಗ ಮೊದಲು ಅದನ್ನು ಹಿಂದಕ್ಕೆ ತಿರುಗಿಸುತ್ತೇನೆ. ಒಳಗೆಲ್ಲೋ 'ಟಕ್' ಎಂದು ಸಣ್ಣಗೆ ಕೂತದ್ದು ಬೆರಳಿಗೆ ತಿಳಿದ ಮೇಲೆಯೇ ಮುಂದಕ್ಕೆ ತಿರುಗಿಸುವುದು. ನೋಡಿದವರಿಗೆ, ಪಾಪ, ಈ ಹೆಂಗಸಿಗೆ ಮುಚ್ಚುವುದು ಯಾವ ಕಡೆಗೆ, ತೆಗೆಯುವುದು ಯಾವ ಕಡೆಗೆ ಎಂಬುದೂ ಗೊತ್ತಿಲ್ಲವಲ್ಲ ಎನ್ನಿಸುತ್ತದೆ. ನಾನು ಬ್ಯಾಂಕಿನಲ್ಲಿದ್ದಾಗ ಜೊತೆಯ ತಮಿಳಿನವಳೊಬ್ಬಳು ಊಟದ ಹೊತ್ತಿನಲ್ಲಿ ನನ್ನ ಅವಸ್ಥೆ ನೋಡಲಾರದೆ "ಕುಡುಂಗೋ ಮೇಡಂ, ನಾನೇ ಮೂಡಿ ತರೇನ್" ಎಂದು ಫ್ಲಾಸ್ಕನ್ನು ಕೈಯಿಂದ ಕಿತ್ತುಕೊಂಡು ಮುಚ್ಚಿಕೊಟ್ಟಿದ್ದಳು. ದಿನವಿಡೀ ಲಕ್ಷಗಟ್ಟಲೆ ಹಣ ನನ್ನ ಕೈಯಲ್ಲಿ ಓಡಾಡುತ್ತಿತ್ತು. ಫ್ಲಾಸ್ಕಿನ ಮುಚ್ಚಳಕ್ಕೆ ಮಾತ್ರ ನನ್ನನ್ನು ಯಾರೂ ನಂಬುತ್ತಿರಲಿಲ್ಲ.

ಈ ಚಟ ಅಂಟಿದ್ದು ಭಾವನಿಂದ. ಭಾವ ಎಂದರೆ ಅಕ್ಕನ ಗಂಡ, ಪ್ರಹ್ಲಾದ ಭಾವ. ಬೋಲ್ಟಿನ ಮೈಮೇಲೆ, ಅದು ಕೂರುವ ತೂತಿನ ಒಳಮೈಯಲ್ಲಿ, ಸುತ್ತಿಕೊಂಡು ಹೋಗುವ ಗೀರು ಇರುತ್ತದಲ್ಲ, ಅದಕ್ಕೆ ನಮ್ಮ ಮದರಾಸಿನ ಮನೆಗಳ ಕನ್ನಡದಲ್ಲಿ ಮರೆ ಎನ್ನುತ್ತೇವೆ. ತಮಿಳಿನ ಮರೈ ನಮ್ಮ ಬಾಯಲ್ಲಿ ಹಾಗಾಗಿದೆ. ಮರೆ ಮರೆಯನ್ನು ಕಂಡುಕೊಳ್ಳುವ ಮುಂಚೆ ಬಲ ಹಾಕಬಾರದು, ಹಿಂದಕ್ಕೆ ತಿರುಗಿಸಿದರೆ ಅದು ತಾನಾಗಿ ತನ್ನ ಜಾಗ ಹೇಳುತ್ತದೆ ಎನ್ನುವುದು ಅವರ ಪಾಠ. ಪಾಠ ಸ್ಕೂಟರ್ ಇಂಜಿನ್ನಿನದ್ದು. ನಾನು ಅದನ್ನು ಉಪ್ಪಿನಕಾಯಿಗೆ ಇಳಿಸಿದೆ.

ಅವರು ಅಕ್ಕನನ್ನು ನೋಡಲು ಬಂದ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಗ ನಮ್ಮ ಮನೆ ಕೋಡಂಬಾಕ್ಕಂನಲ್ಲಿ, ಸ್ಟುಡಿಯೋ ಒಂದರ ಹಿಂಗೋಡೆಗೆ ತಾಗಿದ ಓಣಿಯಲ್ಲಿತ್ತು. ಕನ್ನಡ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲ ಮುಗಿದುಹೋಗಿತ್ತು. ಆದರೂ ಮೀಸೆ ಅಂಟಿಸಿಕೊಂಡ ರಾಜಭಟರು ಕತ್ತಿಯನ್ನು ಕಂಕುಳಲ್ಲಿ ಇರುಕಿಕೊಂಡು ಟೀ ಕುಡಿಯುತ್ತ ನಿಂತಿರುವುದು ನಮಗೆ ದಿನನಿತ್ಯದ ನೋಟ. ಅಂಥ ಓಣಿಗೆ ಭಾವ ಜರಿ ಅಂಚಿನ ಪಂಚೆ ಉಟ್ಟು ಆಗಲೇ ಹಳೆಯದಾಗಿದ್ದ ಸ್ಕೂಟರಿನಲ್ಲಿ ಬಂದರು. ಉಪ್ಪಿಟ್ಟು ತಿಂದರು, ಅಕ್ಕನ ಹಾಡು ಕೇಳಿದರು. ಹೊರಡುವಾಗ ಸ್ಕೂಟರನ್ನು ಒದ್ದು ಚಾಲೂ ಮಾಡಿದರೆ 'ಢಂ' ಎಂದು ಸದ್ದಾಗಿ ಇಂಜಿನ್ನಿನಿಂದ ಸ್ಪಾರ್ಕ್ ಪ್ಲಗ್ಗು ಹಾರಿ ರಾಜಭಟನೊಬ್ಬನ ಟೀ ಲೋಟದ ಪಕ್ಕದಲ್ಲಿ ಬಿತ್ತು. ಭಾವ ಪಂಚೆ ಎತ್ತಿ ಕಟ್ಟಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಇಣುಕಿ ನೋಡಿ, "ಮರೆ ಹೋಗಿದೆ" ಎಂದರು.

ಒಳಗಿದ್ದ ನಮ್ಮಪ್ಪ ಗಾಬರಿಯಿಂದ "ಯಾರಿಗೆ?" ಎಂದರು.

ಮದರಾಸಿನಲ್ಲಿ ಮರೈ ಕಳಚಿದವನು ಎಂದರೆ ತಲೆ ಕೆಟ್ಟವನು ಎಂದರ್ಥ. ಮದುವೆಯಾಗುವ ತನಕ ಅಪ್ಪನಿಗೆ ಆ ಅನುಮಾನ ಪೂರ್ತಿ ಹೋಗಿರಲಿಲ್ಲ.

ನನಗೆ ಮದುವೆ ಕೂಡಿಬರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ವೆಸ್ಟ್ ಮಾಂಬಲಂನಲ್ಲಿದ್ದ ಅಕ್ಕ ಭಾವನ ಮನೆಗೇ ಬಂದು ಸೇರಿದೆ. ಭಾವ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಡಿಪ್ಲೊಮಾ ಇಂಜಿನಿಯರ್ ಆಗಿದ್ದವರು. ಅದು ಮುಚ್ಚಿದಾಗ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತಮಗಿಷ್ಟವಾದ ಒಂದೇ ಕೆಲಸ ಹಿಡಿದು ಕೂತರು. ಹಳೆಯ ಸ್ಕೂಟರುಗಳ ಇಂಜಿನ್ನಿನ ಹೊರಕವಚ ಅಲ್ಯೂಮಿನಿಯಂ ಎರಕ. ಅದು ಮೆತ್ತಗಿನ ಲೋಹ. ಸ್ಪ್ಯಾನರ್ ಹಿಡಿದವರೆಲ್ಲ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಬಿಗಿದು ಬಿಗಿದು ಕೊನೆಗೆ ತೂತಿನ ಮರೆ ಸವೆದು ಬೋಲ್ಟು ಸುಮ್ಮನೆ ತಿರುಗತೊಡಗುತ್ತದೆ. ಭಾವ ಆ ತೂತನ್ನು ಕೊಂಚ ದೊಡ್ಡದು ಮಾಡಿ, ಸೀಮೆಎಣ್ಣೆ ಬಿಟ್ಟು, ಟ್ಯಾಪ್ ಎಂಬ ಉಳಿಯಿಂದ ಹೊಸ ಮರೆ ಕೊರೆದು, ಒಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸುತ್ತಿದ್ದರು. ನೋಡಲು ಬಾಲ್ ಪೆನ್ನಿನ ಸ್ಪ್ರಿಂಗಿನ ಅಣ್ಣನ ಹಾಗಿರುತ್ತದೆ. ಆಮೇಲೆ ಬೋಲ್ಟು ಹಿಡಿಯುವುದು ಆ ಸುರುಳಿಯನ್ನು. ಮೊದಲಿಗಿಂತ ಗಟ್ಟಿ.

ಭಾನುವಾರಗಳಲ್ಲಿ ನಾನು ಹುರುಳಿಕಾಯಿ ಸೋಸುತ್ತ ಆ ಶೆಡ್ಡಿನಲ್ಲಿ ಕೂರುತ್ತಿದ್ದೆ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಸ್ವಲ್ಪ, ಮತ್ತೆ ಮುಂದಕ್ಕೆ. ಭಾವ ಆಗ ಉಸಿರೂ ಆಡುತ್ತಿರಲಿಲ್ಲ ಎಂದು ನನಗೆ ಭಾಸ. ಒಂದು ಭಾನುವಾರ ಸೀಮೆಎಣ್ಣೆ ನನ್ನ ಹುರುಳಿಕಾಯಿಗೆ ಸಿಡಿದು ಅಂದಿನ ಪಲ್ಯವನ್ನು ಯಾರೂ ಬಾಯಿಗಿಡಲಾಗಲಿಲ್ಲ. ಅಕ್ಕ ಬೈದದ್ದು ನನಗೆ, ಭಾವನಿಗಲ್ಲ.

ಈ ಶೆಡ್ಡಿಗೆ ಒಂದು ದಿನ ಸದಾಶಿವ ಐತಾಳರು ಬಂದರು. ಉಡುಪಿ ಕಡೆಯವರು, ವೇಲಚೇರಿಯಲ್ಲಿ ಸಸ್ಯಾಹಾರಿ ಹೋಟೆಲು. ಅವರ ಜೊತೆಗೆ ಮಗಳು ಚೈತ್ರಾ, ಅಲ್ಲೇ ಹತ್ತಿರದ ಆಫೀಸೊಂದರಲ್ಲಿ ಕೆಲಸ. ಲೋಡ್ ಆಟೋದಲ್ಲಿ ತಂದ ಸ್ಕೂಟರು ಐತಾಳರ ತಂದೆಯದು. ಆ ಹಿರಿಯರು ಎಣ್ಣೂರಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದಾಗ ತರಕಾರಿ ಮೂಟೆ ಹೇರಿಕೊಂಡು ಓಡಾಡಿದ ಗಾಡಿ. ಅವರು ಕಾಲವಾದ ಮೇಲೆ ಅದು ಸಮುದ್ರದ ಗಾಳಿಗೆ ಮೈಯೊಡ್ಡಿ ಅಲ್ಲೇ ನಿಂತಿತ್ತು. ವೇಲಚೇರಿಗೆ ತಂದು ನಿಲ್ಲಿಸಿದ ಮೇಲೆ, ಬಡಾವಣೆಗೆ ನೀರು ನುಗ್ಗಿದ ಮಳೆಗಾಲದಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿ ಮುಳುಗಿಯೂ ಇತ್ತು.

"ಮಾರಿಬಿಡು ಅಂದ್ರೆ ಕೇಳೂದಿಲ್ಲ ಮಾರಾಯ್ರೆ ಇವಳು" ಎಂದರು ಐತಾಳರು.

ಹುಡುಗಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. "ತಾತಾ ವಂಡಿ ಅಂಕಲ್. ವಿಕ್ಕ ಮಾಟೇನ್" ಎಂದಳು. ತಾತನ ಗಾಡಿ, ಮಾರುವುದಿಲ್ಲ. ಹೇಳುತ್ತಲೇ ನನ್ನ ಪಕ್ಕ ಕೂತು, ಕೇಳದೆಯೇ ನಾಲ್ಕು ಹುರುಳಿಕಾಯಿ ಸೋಸಿಕೊಟ್ಟಳು. ನಾರು ತೆಗೆಯಲು ಬರುತ್ತಿರಲಿಲ್ಲ. ನಾನು ಹೇಳಲಿಲ್ಲ.

ಇಂಜಿನ್ ಬಿಚ್ಚಿದಾಗ ಬಹುಪಾಲು ಎಲ್ಲ ಸರಿಪಡಿಸುವಂಥದ್ದೇ ಆಗಿತ್ತು. ತೊಂದರೆ ಇದ್ದದ್ದು ಅಡಿಯಲ್ಲಿ, ಗೇರಿನ ಎಣ್ಣೆ ಬಸಿಯುವ ತೂತಿನಲ್ಲಿ. ಆ ತೂತನ್ನು ಮುಚ್ಚುವ ಬಿರಡೆಗೆ ಹಿಡಿಯಲು ಮರೆಯೇ ಉಳಿದಿರಲಿಲ್ಲ. ಭಾವ ಎಂದಿನಂತೆ ಕೊರೆಯಲು ತೊಡಗಿದವರು ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು. ಅಂಗೈ ನನ್ನ ಮುಂದೆ ಹಿಡಿದರು.

"ನೋಡಿದ್ಯಾ ಪದ್ದು? ಹೊಳೆಯೋ ಚೂರು ಬರ್ಬೇಕು. ವಿಭೂತಿ ಥರ ಪುಡಿ ಬರ್ತಾ ಇದೆ. ಉಪ್ಪು ಒಳಗೇ ತಿಂದುಬಿಟ್ಟಿದೆ ಇದನ್ನ."

ಫೋನಿನಲ್ಲಿ ಹೇಳಿದರೆ ಐತಾಳರಿಗೆ ಅರ್ಥವಾಗುವುದಿಲ್ಲವೆಂದು ಭಾವ ಆ ಕವಚವನ್ನು ಪತ್ರಿಕೆಯಲ್ಲಿ ಸುತ್ತಿ ವೇಲಚೇರಿಗೇ ಹೊರಟರು. ನಾನೂ ಜೊತೆಗೆ ಹೋದೆ. ಐತಾಳರ ಊಟದ ಮೇಜಿನ ಮೇಲೆ ಪತ್ರಿಕೆ ಬಿಡಿಸಿ ಭಾವ ವಿವರಿಸಿದರು. ಸುರುಳಿ ಕೂರಿಸಬಹುದು, ಸುರುಳಿ ಬಿಡುವುದಿಲ್ಲ, ಆದರೆ ಅದನ್ನು ಸುತ್ತಲೂ ಹಿಡಿದುಕೊಳ್ಳುವ ಲೋಹಕ್ಕೇ ಸತ್ವವಿಲ್ಲ. ಬೇರೆ ಕವಚ ಸಿಗುವ ತನಕ ಕಾಯುವುದು ಒಳ್ಳೆಯದು.

"ಇಂಥದ್ದು ಇನ್ನೊಂದು ಎಲ್ಲಿ ಸಿಗ್ತದೆ ಮಾರಾಯ್ರೆ? ನಾನು ಹುಡುಕದ ಜಾಗ ಇಲ್ಲ" ಎಂದರು ಐತಾಳರು. "ಅವಳ ಹುಟ್ಟಿದ ಹಬ್ಬಕ್ಕೆ ಗಾಡಿ ಓಡ್ತದೆ ಅಂತ ಮಾತು ಕೊಟ್ಟಾಗಿದೆ."

"ದಿನಾ ಆಫೀಸಿಗೆ ಅಂದ್ರೆ ಬೇಡ ಐತಾಳ್ರೆ. ಆ ಬಿರಡೆ ಕಿತ್ತುಬಂದ್ರೆ ಎಣ್ಣೆಯೆಲ್ಲ ಹಿಂದಿನ ಟೈರಿನ ಮೇಲೇ ಬೀಳೋದು."

"ದಿನಾ ಅಲ್ಲ, ದಿನಾ ಅಲ್ಲ. ಭಾನುವಾರ ಒಂದು ಸುತ್ತು, ಅಷ್ಟೇ. ನಾನು ನೋಡ್ಕೊಳ್ತೇನೆ. ನಿಮ್ಮ ಕಾಲಿಗೆ ಬೀಳ್ತೇನೆ, ಮಾಡಿಕೊಡಿ."

ಅಷ್ಟು ದೊಡ್ಡ ಮನುಷ್ಯ ಎರಡೂ ಕೈ ಜೋಡಿಸಿ ನಿಂತಿದ್ದರು. ಭಾವನ ದುರ್ಬಲ ಜಾಗ ಅದು. ಅವರಿಗೆ ಯಾರಾದರೂ ಬೈದರೆ ತಡೆದುಕೊಳ್ಳುತ್ತಾರೆ, ಕೈ ಮುಗಿದರೆ ತಡೆಯಲಾರರು. "ಶರಿ, ಭಾನುವಾರ ಮಾತ್ರ" ಎಂದರು. ಅಷ್ಟರಲ್ಲಿ ಐತಾಳರ ಹೆಂಡತಿ ವನಜಾಕ್ಷಿ ಅಡುಗೆಮನೆಯಿಂದ ಕಾಫಿ ತಂದರು. ಮೇಜಿನ ಮೇಲಿನ ಕರಿ ಕರಿ ಲೋಹ ನೋಡಿ ಮೂಗು ಮುರಿದು, ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಗಾಡಿ ಓಡಿತು. ಹುಟ್ಟಿದ ಹಬ್ಬದ ದಿನ ಚೈತ್ರಾ ವೇಲಚೇರಿಯಿಂದ ನಮ್ಮ ಮನೆ ತನಕ ಅದರಲ್ಲೇ ಬಂದು ಭಾವನಿಗೆ ಕೇಸರಿಬಾತು ಕೊಟ್ಟು ಹೋದಳು. ಭಾವ ಮೊದಲು ಬಗ್ಗಿ ನೋಡಿದ್ದು ಗಾಡಿಯ ಅಡಿಯನ್ನು. ಒಣಗಿತ್ತು. ಆಮೇಲೆ ಕೇಸರಿಬಾತು ತಿಂದರು.

ಆ ಹುಡುಗಿ ಸತ್ತದ್ದು ಮುಂದಿನ ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಬೆಳಿಗ್ಗೆ ಆಫೀಸಿಗೆ ಹೊರಟವಳು ಅದೇ ಸ್ಕೂಟರಿನಲ್ಲಿ. ರೈಲ್ವೆ ಸ್ಟೇಷನ್ನಿನ ಹತ್ತಿರದ ತಿರುವಿನಲ್ಲಿ ಜಾರಿದಳು. ಹಿಂದೆ ನೀರಿನ ಲಾರಿ ಬರುತ್ತಿತ್ತು. ಲಾರಿಯವನಿಗೆ ನಿಲ್ಲಿಸಲು ಆಗಲಿಲ್ಲ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ, ಗೊತ್ತಿದ್ದಿದ್ದರೂ ಬರೆಯುತ್ತಿರಲಿಲ್ಲ. ಅಂದು ಭಾನುವಾರವಾಗಿರಲಿಲ್ಲ.

ನಾವು ಮಾತಾಡಿಸಲು ಹೋದಾಗ ಮನೆ ತುಂಬ ಜನ. ಅವರು ದನಿ ತಗ್ಗಿಸಿ ಆಡುತ್ತಿದ್ದ ಮಾತು ಎಲ್ಲರಿಗೂ ಕೇಳುತ್ತಿತ್ತು. ಈಗಿನ ಹುಡುಗಿಯರಿಗೆ ವೇಗ ಜಾಸ್ತಿ. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದಳಂತೆ. ಫೋನಿನಲ್ಲಿ ಮಾತಾಡುತ್ತಿದ್ದಳಂತೆ. ವನಜಾಕ್ಷಿಯವರು ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡವರು ಬಿಡಲಿಲ್ಲ.

"ಫೋನ್ ಮಾಡಿದ್ದು ನಾನು" ಎಂದರು. "ಡಬ್ಬಿ ಬಿಟ್ಟು ಹೋಗಿದ್ಲು. ವಾಪಸ್ ಬಾ ಅಂತ ಹೇಳ್ಲಿಕ್ಕೆ ಮಾಡಿದೆ. ರಿಂಗ್ ಆಗ್ತಾ ಇತ್ತು, ತೆಗೀಲಿಲ್ಲ. ತೆಗೀಲಿಕ್ಕೆ ಹೋಗಿಯೇ ಬಿದ್ದದ್ದು. ಒಂದು ಡಬ್ಬಿ ಮೊಸರನ್ನಕ್ಕೆ ನಾನೇ ಕೊಂದೆ."

ಬಂದವರೆಲ್ಲರಿಗೂ ಅವರು ಇದನ್ನೇ ಹೇಳುತ್ತಿದ್ದರು. ಹಾಗೆಲ್ಲ ಅನ್ನಬಾರದು ಎಂದು ಸಮಾಧಾನ ಹೇಳುತ್ತಿದ್ದವರೂ ಒಳಗೊಳಗೆ ಅದನ್ನು ನಂಬಿದ್ದರು. ನಾನೂ ನಂಬಿದ್ದೆ.

ಪೊಲೀಸರು ಸ್ಕೂಟರನ್ನು ವಾಪಸು ಕೊಟ್ಟಾಗ ಐತಾಳರು ಭಾವನಿಗೆ ಫೋನ್ ಮಾಡಿ, ಅದು ಕಣ್ಣಿಗೆ ಬೀಳುವುದು ಬೇಡ, ತಗೊಂಡು ಹೋಗಿ ಎಂದರು. ಭಾವ ತಂದು ಶೆಡ್ಡಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿದರು. ಬಹಳ ಹೊತ್ತು ಸದ್ದಿಲ್ಲದ್ದನ್ನು ಕಂಡು ನಾನು ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದರು. ಅಡಿಯಲ್ಲಿ ಬಿರಡೆ ಇರಬೇಕಾದ ಜಾಗದಲ್ಲಿ ಮುರುಕು ಅಂಚಿನ ದೊಡ್ಡ ತೂತು. ಹಿಂದಿನ ಟೈರಿನ ಒಂದು ಪಕ್ಕದ ತುಂಬ ಎಣ್ಣೆ, ಅದರ ಮೇಲೆ ಧೂಳು.

"ಸುರುಳಿ ಬಿಟ್ಟಿಲ್ಲ, ಪದ್ದು" ಎಂದರು. "ಸುತ್ತಲಿನ ಲೋಹಾನೇ ಕಿತ್ತುಕೊಂಡು ಹೋಗಿದೆ."

ಅವರ ದನಿ ಕೇಳಿದರೆ ಸುರುಳಿ ಬಿಟ್ಟಿದ್ದರೇ ವಾಸಿಯಿತ್ತು ಅನ್ನುವ ಹಾಗಿತ್ತು.

ಅಕ್ಕನಿಗೆ ವಿಷಯ ತಿಳಿದಾಗ ಅವಳು ನೇರವಾಗಿಯೇ ಹೇಳಿದಳು. "ಯಾರೂ ನಿಮ್ಮನ್ನ ಕೇಳಿಲ್ಲ. ನೀವಾಗಿ ಹೋಗಿ ಯಾಕೆ ಹೇಳ್ಬೇಕು? ಹೋದವಳು ಬರ್ತಾಳಾ?"

"ಆಕೆ ತಾನು ಫೋನ್ ಮಾಡಿದ್ದಕ್ಕೆ ಮಗಳು ಹೋದಳು ಅಂತ ಕೂತಿದ್ದಾರೆ. ಪಾವಂ. ಅದು ಹಾಗಲ್ಲ ಅಂತ ಗೊತ್ತಿರೋದು ನನಗೊಬ್ಬನಿಗೆ. ಹೇಗೆ ಸುಮ್ನಿರಲಿ?"

ಭಾವನ ಜೊತೆಗೆ ನಾನೇ ಹೋದೆ. ನನ್ನ ಲೆಕ್ಕದಲ್ಲಿ ಭಾವ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ, ಲೋಹದ ಸ್ಥಿತಿ ಹೇಳಿದ್ದನ್ನೂ ಐತಾಳರು ಭಾನುವಾರದ ಮಾತು ಕೊಟ್ಟದ್ದನ್ನೂ. ಐತಾಳರು ಕಿಟಕಿಯ ಬಳಿ ನಿಂತಿದ್ದರು. ಇಳಿದುಹೋಗಿದ್ದರು, ಅಂಗಿ ಬೇರೆ ಯಾರದ್ದೋ ಎನ್ನುವ ಹಾಗಿತ್ತು. ವನಜಾಕ್ಷಿಯವರು ಕುರ್ಚಿಯಲ್ಲಿದ್ದರು. ಭಾವ ಕೂರಲಿಲ್ಲ.

"ಅಮ್ಮ, ನಿಮ್ಮ ಫೋನಿಂದ ಆಗಿದ್ದಲ್ಲ ಅದು" ಎಂದರು. "ಮಗೂದೂ ಏನೂ ತಪ್ಪಿಲ್ಲ. ಗಾಡಿ ಅಡಿಯಿಂದ ಎಣ್ಣೆ ಟೈರಿಗೆ ಬಿದ್ದು ಜಾರಿದೆ. ನಾನು ಮಾಡಿದ ಜಾಗದಿಂದಲೇ ಬಿದ್ದಿದೆ. ಆ ಲೋಹ ತಡೆಯೋದಿಲ್ಲ ಅಂತ ನಾನು ನೋಡಿ ಹೇಳ್ಬೇಕಿತ್ತು. ನೋಡ್ಲಿಲ್ಲ. ಹೇಳ್ಲಿಲ್ಲ."

ನಾನು ತಲೆ ಎತ್ತಿ ಅವರನ್ನು ನೋಡಿದೆ. ನೋಡಿದ್ದರು, ಹೇಳಿದ್ದರು, ಇದೇ ಮೇಜಿನ ಮೇಲೆ. ಬಾಯಿ ತೆರೆಯುವಷ್ಟರಲ್ಲಿ ಭಾವನ ಕೈ ನನ್ನ ಮುಂಗೈಯನ್ನು ಹಿಡಿದು ಒತ್ತಿತು. ಅಷ್ಟು ಜೋರಾಗಿ ಅವರು ಏನನ್ನೂ ಬಿಗಿದದ್ದನ್ನು ನಾನು ಕಂಡಿಲ್ಲ. ಐತಾಳರ ಕಡೆ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು. ಈಗ ತಿರುಗುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಕೆಳಗೆ ಯಾವುದೋ ಕಾರು ರಿವರ್ಸ್ ತೆಗೆಯುವ ಸಂಗೀತ ಬಹಳ ಹೊತ್ತು ಕೇಳುತ್ತಿತ್ತು. ಅವರು ತಿರುಗಲಿಲ್ಲ.

ವನಜಾಕ್ಷಿಯವರು ಎದ್ದರು. ಭಾವನ ಹತ್ತಿರ ಬಂದು ಅವರ ಮುಖವನ್ನೇ ನೋಡಿದರು. "ನನ್ನ ಮಗಳನ್ನ ತಿಂದ್ರಿ" ಎಂದರು. ಮತ್ತೆ ಅದನ್ನೇ ಇನ್ನೂ ಜೋರಾಗಿ ಹೇಳಿದರು. ಆಮೇಲೆ ಬಾಗಿಲು ತೋರಿಸಿ, "ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ" ಎಂದರು. ಭಾವ ಕೈ ಮುಗಿದು ಹೊರಬಂದರು. ನಾವು ಮೆಟ್ಟಿಲಿಳಿಯುವಾಗ ಮೇಲಿನಿಂದ ಅಳುವುದು ಕೇಳಿಸಿತು. ಅಷ್ಟು ದಿನ ಆಕೆ ಬಾಯಿಬಿಟ್ಟು ಅತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕೆಳಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಯಾಕೆ ಹಾಗಂದ್ರಿ? ಆತ ಕಲ್ಲಿನ ಹಾಗೆ ನಿಂತಿದ್ರಲ್ಲ!"

"ಅವರಿಬ್ಬರೂ ಒಂದೇ ಮನೇಲಿ ಇರ್ಬೇಕು ಪದ್ದು" ಎಂದರು ಭಾವ. "ನಾನು ಬೇರೆ ಮನೇಲಿದ್ದೀನಿ."

ಸುದ್ದಿ ಹೇಗೋ ಹರಡಿತು. ಶೆಡ್ಡಿಗೆ ಬರುವವರು ಕಡಿಮೆಯಾದರು. ಬಂದವರನ್ನೂ ಭಾವ ವಾಪಸು ಕಳಿಸಿದರು. ಸಾಮಾನುಗಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಪೆಟ್ಟಿಗೆಗೆ ಹಾಕಿದರು. ತಮ್ಮ ಸ್ಕೂಟರನ್ನೂ ಯಾರಿಗೋ ಕೊಟ್ಟುಬಿಟ್ಟರು. ವೇಲಚೇರಿಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಡುನಡುವೆ ಮಾತ್ರ ಭಾವ ಊಟದ ಮಧ್ಯೆ ಕೈ ನಿಲ್ಲಿಸಿ, "ಆಕೆ ಈಗ ಫೋನಿನ ವಿಷಯ ಹೇಳೋದಿಲ್ಲವಂತೆ, ಅಲ್ಲ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಯಾರ ಯಾರಿಂದಲೋ ವಿಚಾರಿಸಿ "ಇಲ್ಲವಂತೆ" ಎನ್ನುತ್ತಿದ್ದೆ. ಆಗ ಮತ್ತೆ ಉಣ್ಣುತ್ತಿದ್ದರು.

ಹೀಗೆ ಕೆಲವು ವರ್ಷ. ಈ ಸಲದ ಬೇಸಿಗೆಯಲ್ಲಿ ಐತಾಳರು ಹೋದರು. ಎದೆನೋವು ಎಂದು ಹೋಟೆಲಿನ ಗಲ್ಲಾದ ಮುಂದೆಯೇ ಕುಸಿದರಂತೆ. ಭಾವ ಹೋಗುವ ಹಾಗಿರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ಹೋದೆ. ಆಕೆ ನನ್ನನ್ನೂ ಹೊರಗೆ ಹಾಕುತ್ತಾರೇನೋ ಎಂಬ ಅಂಜಿಕೆಯಿತ್ತು. ವನಜಾಕ್ಷಿಯವರು ಬಾಗಿಲು ತೆರೆದು, ನೀರು ಕೊಟ್ಟು, ಎದುರಿಗೆ ಕೂತರು. ಗೋಡೆಯ ಮೇಲೆ ಅಪ್ಪ ಮಗಳ ಫೋಟೋ ಅಕ್ಕಪಕ್ಕ.

"ನಿಮ್ಮ ಭಾವ ಹೇಗಿದ್ದಾರೆ?" ಎಂದರು.

ಇದ್ದಾರೆ ಎಂದೆ.

"ಆ ದಿನ ಅವರು ನೋಡ್ಲಿಲ್ಲ, ಹೇಳ್ಲಿಲ್ಲ ಅಂದ್ರಲ್ಲ. ಅದು ಸುಳ್ಳು ಅಂತ ನನಗೆ ಆವತ್ತೇ ಗೊತ್ತಿತ್ತು."

ನನ್ನ ಕೈಯಲ್ಲಿ ಲೋಟವಿತ್ತು. ಕೆಳಗಿಡಲು ಜಾಗ ಸಿಗಲಿಲ್ಲ.

"ಅವರು ಆ ಲೋಹ ತಂದ ದಿನ ನಾನು ಅಡುಗೆಮನೆಯಲ್ಲೇ ಇದ್ದೆನಲ್ಲ, ಡಿಕಾಕ್ಷನ್ ಇಳಿಯೂದು ಕಾಯ್ತಾ. ಬೇಡ ಅಂತ ಅವರು ಹೇಳಿದ್ದು, ಭಾನುವಾರ ಮಾತ್ರ ಅಂತ ಇವರು ಕಾಲಿಗೆ ಬಿದ್ದದ್ದು, ಎಲ್ಲ ಕೇಳಿಸ್ತಾ ಇತ್ತು. ಆಫೀಸಿಗೆ ತಗೊಂಡು ಹೋಗ್ತೇನೆ ಅಂತ ಅವಳು ಹಟ ಮಾಡಿದಾಗ ಹೋಗಲಿ ಅಂದದ್ದೂ ಇವರೇ. ನಾನೂ ಬೇಡ ಅನ್ಲಿಲ್ಲ." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಇದ್ದರು. "ಆವತ್ತು ಇವರು ಕಿಟಕಿ ಹತ್ತಿರ ನಿಂತಿದ್ದಾಗ ನೀವು ಬೆನ್ನು ನೋಡಿದ್ರಿ. ನಾನು ಕೂತಲ್ಲಿಂದ ಗಾಜಿನಲ್ಲಿ ಮುಖ ಕಾಣ್ತಿತ್ತು. ಬಾಯಿಬಿಟ್ಟು ಒಪ್ಪಿಕೊಂಡಿದ್ರೆ ಆವತ್ತೇ ಹಾರಿಬಿಡ್ತಿದ್ರು ಅಲ್ಲಿಂದ. ಅದಕ್ಕೇ ನಿಮ್ಮ ಭಾವನಿಗೆ ಬೈದೆ. ಬೈದು ಕಳಿಸಿದ ಮೇಲೆ ಇವರಿಗೆ ಊಟ ಬಡಿಸಿದೆ. ನಂತರವೂ ಬಡಿಸ್ತಲೇ ಬಂದೆ. ಗೊತ್ತುಂಟು ಅಂತ ಒಂದು ದಿನವೂ ತೋರಿಸ್ಲಿಲ್ಲ."

ಸೆರಗಿನ ಅಂಚು ಬಿಟ್ಟು, "ಈಗ ಇವರಿಲ್ಲ. ಈಗ ಹೇಳಬಹುದಲ್ಲ. ನೀವೇ ಹೇಳಿ ಅವರಿಗೆ. ನನಗೆ ಮುಖ ಇಲ್ಲ" ಎಂದರು.

ಮನೆಗೆ ಬಂದಾಗ ಭಾವ ಜಗಲಿಯಲ್ಲಿ ಕೂತಿದ್ದರು. ಅಕ್ಕ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಕೇಳಿದ್ದನ್ನೆಲ್ಲ ಕೇಳಿದ ಹಾಗೆಯೇ ಹೇಳಿದೆ. ಅವರಿಗೆ ಹಗುರಾಗುತ್ತದೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಆ ಹಗುರಾದ ಮುಖವನ್ನೇ ಕಲ್ಪಿಸಿಕೊಂಡು ಬಂದಿದ್ದೆ. ಭಾವನ ಮುಖ ಮೊದಲು ಕೆಂಪಾಯಿತು. ಅಷ್ಟು ವರ್ಷಗಳಲ್ಲಿ ಅವರ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ.

"ಗೊತ್ತಿತ್ತಾ?" ಎಂದರು. "ಆಕೆಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮುಖ ನೋಡಿ ಹಾಗಂದ್ರಾ?"

ಅವರು ಎದ್ದು ಹಿತ್ತಲಿಗೆ ಹೋದರು. ಶೆಡ್ಡಿನ ಬಾಗಿಲ ತನಕ ಹೋಗಿ, ತೆರೆಯದೆ ವಾಪಸು ಬಂದರು. ಕೂತರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವುದು ಹೊಳೆಯಲಿಲ್ಲ.

"ಹಾಗಾದ್ರೆ ನಾನು ಸುಳ್ಳು ಹೇಳಿದ್ದು ಯಾರಿಗೆ, ಪದ್ದು?"

ಅಕ್ಕ ಊಟಕ್ಕೆ ಕರೆದಳು. ಅವರು ಏಳಲಿಲ್ಲ. ನಾನೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಸ್ನಾನ ಮುಗಿಸಿ, ಒಗೆದ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದವರು, ಮೀಸೆ ಮೂಡಿದಾಗಿನಿಂದ ಸ್ಕೂಟರು ಬಿಟ್ಟು ಬೇರೆ ಯಾವುದರಲ್ಲೂ ಓಡಾಡದವರು, ಅದನ್ನು ಕೊಟ್ಟ ಮೇಲೆ ನಡೆದಷ್ಟೇ ದೂರ ಹೋದವರು, ನನ್ನ ಕಡೆ ತಿರುಗಿ ಕೇಳಿದರು:

"ಏ ಪದ್ದು, ವೇಲಚೇರಿಗೆ ಯಾವ ಬಸ್ಸು ಹೋಗತ್ತೆ?"